ಪಹಣಿಯ 9ನೇ ಕಾಲಮ್ಮಿನಲ್ಲಿ ಅಕ್ಕನ ಹೆಸರು

(ಹೆಣ್ಣುಮಕ್ಕಳ ಆಸ್ತಿ ಹಕ್ಕು ಮತ್ತು ಕಂದಾಯ ದಾಖಲೆ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಾನೂನಿನ ಮಾತಿಗೆ ಮುಂಚೆ ಒಂದು ಪಹಣಿ ನೋಡೋಣ. ಉತ್ತರ ಕರ್ನಾಟಕದವರು ಉತಾರ ಎನ್ನಿ, ಕಚೇರಿಯವರು ಆರ್‌ಟಿಸಿ ಎನ್ನಲಿ, ಜಮೀನು ಯಾರದು, ಅದರಲ್ಲಿ ಏನು ಬೆಳೆ ಎಂದು ತೋರಿಸುವ ಕಾಗದ ಒಂದೇ. ಅದರ 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರು, ಅವರ ವಿಸ್ತೀರ್ಣ, ಖಾತೆ ನಂಬರ್ ಇರುತ್ತದೆ. 10ರಲ್ಲಿ ಆ ಹೆಸರು ಯಾವ ದಾರಿಯಿಂದ ಬಂತು ಎಂಬುದು, ಅಂದರೆ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್. 11ರಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆಯಾಜ್ಞೆ ಇತ್ಯಾದಿ. 12ರಲ್ಲಿ ಬೆಳೆ.

ನಿಮ್ಮೂರಿನ ಯಾವುದಾದರೂ ಹತ್ತು ಪಹಣಿ ತೆಗೆಸಿ 9ನೇ ಕಾಲಂ ಓದಿದರೆ ಹೆಚ್ಚಾಗಿ ಎರಡು ಬಗೆ ಕಾಣುತ್ತವೆ. ಒಂದು, ಎಂದೋ ತೀರಿಹೋದ ಅಜ್ಜನ ಹೆಸರು ಹಾಗೇ ಕೂತಿರುವುದು. ಎರಡು, ಅಜ್ಜ ಹೋಗಿ ಅಣ್ಣತಮ್ಮಂದಿರು ಬಂದಿರುವುದು. ಅಕ್ಕತಂಗಿಯರ ಹೆಸರು ಬೇಕಾದರೆ ಹುಡುಕಬೇಕು. 2015-16ರ ಕೃಷಿ ಗಣತಿ ಪ್ರಕಾರ ದೇಶದ ಒಟ್ಟು ಹಿಡುವಳಿದಾರರಲ್ಲಿ ಹೆಂಗಸರು ಶೇ. 13.87. ಅವರ ಕೈಯಲ್ಲಿರುವ ಭೂಮಿ ಅದಕ್ಕಿಂತಲೂ ಕಡಿಮೆ. ಕಳೆ ಕೀಳುವವರು, ನಾಟಿ ಮಾಡುವವರು ಯಾರು ಎಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ.

ಕಾನೂನು ಕೊಟ್ಟಿಲ್ಲವೇ ಎಂದರೆ, ಕೊಟ್ಟಿದೆ. ಕೋರ್ಟೂ ಎತ್ತಿಹಿಡಿದಿದೆ. ಹಕ್ಕು ಕಳೆದುಹೋಗುವುದು ಕೋರ್ಟಿನಲ್ಲಲ್ಲ, ನಾಡಕಚೇರಿಯ ಕೌಂಟರಿಗೂ ಈ 9ನೇ ಕಾಲಮ್ಮಿಗೂ ನಡುವೆ. ಇವತ್ತು ಆ ದಾರಿಯನ್ನೇ ಹಂತಹಂತವಾಗಿ ನೋಡುವುದು.

ಕಾನೂನಿನ ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿಗೆ ಕಾಯ್ದೆ ಮಾಡಿ, ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡಿಗಿಂತ ಚಿಕ್ಕದಾದರೂ ಒಂದು ಪಾಲು ಇಟ್ಟಿತು. 1956ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪನ ಸ್ವಯಾರ್ಜಿತದಲ್ಲಿ ಮಗಳು ಮಗನಿಗೆ ಸಮ, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡಿಗೆ ಮಾತ್ರ. ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ಬರುವಂತೆ ಅದನ್ನು ತಿದ್ದಿ ಮಗಳಿಗೂ ಆ ಹಕ್ಕು ಕೊಟ್ಟಿತು, ಅಷ್ಟರಲ್ಲಿ ಮದುವೆಯಾದವರನ್ನು ಬಿಟ್ಟು. ಆ ಒಂದು ಷರತ್ತು ಒಂದಿಡೀ ತಲೆಮಾರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನೇ ತೆಗೆದುಹಾಕಿತು.

ಆಮೇಲೂ ಗೊಂದಲ ಮುಗಿಯಲಿಲ್ಲ. 2005ರಲ್ಲಿ ಅಪ್ಪ ಬದುಕಿರಬೇಕೇ ಬೇಡವೇ? ಈ ಪ್ರಶ್ನೆಯ ಎರಡು ಮುಖ್ಯ ಪ್ರಕರಣಗಳೂ ನಮ್ಮ ಕರ್ನಾಟಕದ ಕೋರ್ಟುಗಳಿಂದಲೇ ದೆಹಲಿಗೆ ಹೋದವು. 2015ರ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪ್ಪ ಬದುಕಿರಬೇಕು ಎಂದಿತು. 2018ರ ದಾನಮ್ಮ ಪ್ರಕರಣದಲ್ಲಿ ಅಪ್ಪ ತೀರಿಕೊಂಡಿದ್ದು 2001ರಲ್ಲಿ, ಆದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಮನೆಗಳ ಮಾತು. ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ನಿಯಮ ಬೇರೆ. ಕರಾವಳಿಯ ಅಳಿಯಸಂತಾನದ ಲೆಕ್ಕಕ್ಕೆ ಇನ್ನೊಂದು ದಿನವೇ ಬೇಕು.

ಈಗ ಒಂದು ಲೆಕ್ಕ. ಅಪ್ಪ ತೀರಿಕೊಂಡಿದ್ದಾರೆ. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಜಮೀನು 5 ಎಕರೆ, ಅಂದರೆ 200 ಗುಂಟೆ. ಇದು ಅಪ್ಪ ತಾನೇ ದುಡಿದು ಕೊಂಡದ್ದಾದರೆ ಲೆಕ್ಕ ಸುಲಭ: ಐದು ಜನ, ತಲಾ 40 ಗುಂಟೆ. ಅಪ್ಪನ ತಾಯಿ ಬದುಕಿದ್ದರೆ ಅವರೂ ಸೇರಿ ಆರು ಪಾಲು. ಅಜ್ಜಿಯನ್ನು ಮರೆಯುವುದು ಬಹಳ ಸಾಮಾನ್ಯ, ಆದರೆ ಮೊದಲ ದರ್ಜೆಯ ವಾರಸುದಾರರ ಪಟ್ಟಿಯಲ್ಲಿ ತಾಯಿ ಇದ್ದಾಳೆ, ತಂದೆ ಇಲ್ಲ.

ಅದೇ ಜಮೀನು ಪಿತ್ರಾರ್ಜಿತವಾಗಿದ್ದರೆ ಎರಡು ಸುತ್ತು ಭಾಗಿಸಬೇಕು. ಮೊದಲ ಸುತ್ತಿನಲ್ಲಿ ಅಪ್ಪ ಸಾಯುವ ಮುಂಚಿನ ಗಳಿಗೆಯಲ್ಲೇ ಪಾಲಾಯಿತು ಎಂದು ಊಹಿಸಿಕೊಳ್ಳಬೇಕು. ಅಪ್ಪ ಮತ್ತು ನಾಲ್ಕು ಮಕ್ಕಳು, ತಲಾ 40 ಗುಂಟೆ. ಎರಡನೇ ಸುತ್ತಿನಲ್ಲಿ ಅಪ್ಪನ ಆ 40 ಗುಂಟೆ ತಾಯಿ ಮತ್ತು ನಾಲ್ಕು ಮಕ್ಕಳಿಗೆ ತಲಾ 8 ಗುಂಟೆಯಂತೆ ಹಂಚಿಹೋಗುತ್ತದೆ. ಕೊನೆಗೆ ಪ್ರತಿ ಮಗನಿಗೆ, ಪ್ರತಿ ಮಗಳಿಗೆ 1 ಎಕರೆ 8 ಗುಂಟೆ. ತಾಯಿಗೆ ಬರೀ 8 ಗುಂಟೆ. ಹೆಣ್ಣುಮಕ್ಕಳ ಪರವಾದ ಕಾನೂನು ಎನ್ನುವಾಗ ಈ 8 ಗುಂಟೆಯ ತಾಯಿಯನ್ನು ಯಾರೂ ನೆನೆಯುವುದಿಲ್ಲ. ಹಳೆಯ ಮುಂಬಯಿ ಪ್ರಾಂತ್ಯದ ಕಡೆಯ ಹಿಂದೂ ಕಾನೂನಿನ ಶಾಖೆಯಲ್ಲಿ ಪಾಲಾಗುವಾಗ ಹೆಂಡತಿಗೂ ಒಂದು ಭಾಗ ಇಡುವುದುಂಟು. ಹಾಗಾಗಿ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರು ಈ ಲೆಕ್ಕವನ್ನು ಅಲ್ಲಿನ ವಕೀಲರ ಹತ್ತಿರ ಇನ್ನೊಮ್ಮೆ ಮಾಡಿಸಿ.

"ಅಕ್ಕ ಹೋಗಿಬಿಟ್ಟಳು, ಇನ್ನೇನು ಅವಳ ಪಾಲು" ಎನ್ನುವ ಮಾತೂ ತಪ್ಪು. ಅಕ್ಕ ಇಲ್ಲದಿದ್ದರೆ ಅವಳ ಮಕ್ಕಳು ಅವಳ ಜಾಗಕ್ಕೆ ಬರುತ್ತಾರೆ.

ಇನ್ನು ಕಚೇರಿಗೆ ಹೋಗೋಣ. ಅಪ್ಪ ತೀರಿಕೊಂಡ ಮೇಲೆ ಖಾತೆ ವಾರಸುದಾರರ ಹೆಸರಿಗೆ ಬರುವುದೇ ಪೌತಿ ಖಾತೆ. ಹಕ್ಕು ಬಂದದ್ದನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕು ಎಂದು 1964ರ ಭೂಕಂದಾಯ ಕಾಯ್ದೆಯ 128ನೇ ಕಲಂ ಹೇಳುತ್ತದೆ. ಹೆಚ್ಚಿನವರು ಬೆಳೆ ಸಾಲಕ್ಕೆ ಬ್ಯಾಂಕು ಕೇಳಿದಾಗ, ಇಲ್ಲವೇ ಬೆಳೆ ಪರಿಹಾರ ಬಾರದಿದ್ದಾಗ ಎಚ್ಚರಗೊಳ್ಳುತ್ತಾರೆ. ಈಗ ಪರಿಹಾರದ ದುಡ್ಡು ಹೋಗುವುದು ಆಧಾರ್, ಬ್ಯಾಂಕ್ ಖಾತೆ, ಪಹಣಿ ಮೂರನ್ನೂ ಜೋಡಿಸಿದ ಫ್ರೂಟ್ಸ್ ಐಡಿ ಎಂಬ ರೈತರ ಗುರುತಿನ ಸಂಖ್ಯೆಯ ಮೇಲೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6000 ರೂಪಾಯಿಯೂ ಜಮೀನು ಯಾರ ಹೆಸರಲ್ಲಿದೆಯೋ ಅವರಿಗೆ. ಸತ್ತವರಿಗೆ ಫ್ರೂಟ್ಸ್ ಐಡಿ ಮಾಡಿಸಲಾಗದು, 9ನೇ ಕಾಲಮ್ಮಿನಲ್ಲಿ ಹೆಸರಿಲ್ಲದ ಹೆಂಗಸಿನ ಪಾಡೂ ಅದೇ.

ಪೌತಿಗೆ ಬೇಕಾದ ಮುಖ್ಯ ಕಾಗದ ಎರಡು: ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಯಾವ ತಕರಾರೂ ಇಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಕೈಯಲ್ಲಿದೆ. ಅಜ್ಜನ ಮರಣವೇ ನೋಂದಣಿಯಾಗಿಲ್ಲ ಎನ್ನುವ ಮನೆಗಳಲ್ಲಿ ಅಪ್ಪನ ಪೌತಿಯೂ ಇಲ್ಲೇ ಸಿಕ್ಕಿಬೀಳುತ್ತದೆ, ಏಕೆಂದರೆ ಖಾತೆ ಅಜ್ಜನಿಂದ ಅಪ್ಪನಿಗೆ ಇಳಿಯದೆ ಮಕ್ಕಳಿಗೆ ಇಳಿಯುವುದಿಲ್ಲ.

ವಂಶವೃಕ್ಷ ಎನ್ನುವ ಕಾಗದಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಹಕ್ಕಿನ ಮೊದಲ ಸೋರಿಕೆ ಇಲ್ಲೇ. ಅರ್ಜಿ ನಾಡಕಚೇರಿಗೆ. ಜೊತೆಗೆ ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ (ಅಫಿಡವಿಟ್). ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವೆಲ್ಲ ಇನ್ನೂ ಗ್ರಾಮ ಲೆಕ್ಕಿಗರು ಎನ್ನುವವರು, ಊರಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಅರ್ಜಿ ಹಾಕುವವನು ಸಾಮಾನ್ಯವಾಗಿ ಹಿರಿ ಮಗ. ಮನೆಯಲ್ಲಿ ಇದ್ದವರ ಹೆಸರನ್ನು ಬರೆಸುತ್ತಾನೆ. ಮದುವೆಯಾಗಿ ಹೋದ ಅಕ್ಕ ರೇಷನ್ ಕಾರ್ಡಿನಲ್ಲಿಲ್ಲ, ಊರಿನ ಮತದಾರರ ಪಟ್ಟಿಯಲ್ಲಿಲ್ಲ. ವಿಚಾರಣೆಗೆ ಬಂದವರಿಗೆ ನೆರೆಯವರು "ಹೌದು ಸ್ವಾಮಿ, ಇಬ್ಬರು ಗಂಡುಮಕ್ಕಳು" ಎನ್ನುತ್ತಾರೆ. ಕೇಳಿದ ಪ್ರಶ್ನೆಯೇ "ಮಕ್ಕಳೆಷ್ಟು" ಎಂದಲ್ಲ, "ಇವರು ವಾರಸುದಾರರು ಹೌದೇ" ಎಂದು. ಹೀಗೆ ಒಂದು ಹಾಳೆಯಲ್ಲಿ ಅವಳು ಹುಟ್ಟೇ ಇಲ್ಲದಂತಾಗುತ್ತದೆ. ಮುಂದಿನ ಎಲ್ಲ ದಾಖಲೆ ಆ ಹಾಳೆಯ ಮೇಲೇ ನಿಂತದ್ದು.

ಇದೆಲ್ಲ ದುರುದ್ದೇಶದಿಂದಲೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಎಷ್ಟೋ ಸಲ ಮದುವೆಯಾದವಳ ಹೆಸರು ಬರೆಸಬಾರದು ಎಂದೇ ತಿಳಿದಿರುತ್ತಾರೆ. ಕೌಂಟರಿನಲ್ಲೂ "ಹೆಣ್ಣುಮಕ್ಕಳ ಹೆಸರು ಹಾಕಿದರೆ ಅವರೆಲ್ಲರ ಆಧಾರ್ ಬೇಕು, ತಡವಾಗುತ್ತೆ" ಎಂಬ ಸಲಹೆ ಸಿಗುವುದುಂಟು. ಆದರೆ ಗೊತ್ತಿದ್ದೂ ಬಿಟ್ಟರೆ ಅದು ಸುಳ್ಳು ಪ್ರಮಾಣ. ಅದು ಶಿಕ್ಷಾರ್ಹ ಅಪರಾಧ.

ಅರ್ಜಿ ಸೇರಿದ ಮೇಲೆ ತಕರಾರು ಕರೆಯುವ ನೋಟಿಸ್ ಹೊರಡುತ್ತದೆ. ಇದೇ ನಮೂನೆ 21. ಅದನ್ನು ಅಂಟಿಸುವುದು ತವರಿನ ಚಾವಡಿಯಲ್ಲಿ. ಅಕ್ಕ ಇರುವುದು ಮೂವತ್ತು ಮೈಲಿ ಆಚೆಯ ಗಂಡನ ಊರಲ್ಲಿ. ಗಡುವಿನೊಳಗೆ ಬರವಣಿಗೆಯಲ್ಲಿ ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಬಾರದಿದ್ದರೆ ಮ್ಯುಟೇಶನ್ ಮಂಜೂರು. ಆದ್ದರಿಂದ ಅಪ್ಪ ತೀರಿಕೊಂಡ ಮನೆಯ ಹೆಣ್ಣುಮಕ್ಕಳು ನೋಟಿಸಿಗೆ ಕಾಯಬೇಡಿ. ಸರ್ವೆ ನಂಬರ್ ತಿಳಿದಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿಯನ್ನೂ ಮ್ಯುಟೇಶನ್ ಸ್ಥಿತಿಯನ್ನೂ ಮೊಬೈಲಿನಲ್ಲೇ ನೋಡಬಹುದು. ನಂಬರ್ ಗೊತ್ತಿಲ್ಲದಿದ್ದರೆ ಹಳೆಯ ಕಂದಾಯ ರಸೀದಿ, ಬ್ಯಾಂಕಿನ ಸಾಲದ ಕಾಗದ ಹುಡುಕಿ.

ಮ್ಯುಟೇಶನ್ ಮಂಜೂರಾಗಿಬಿಟ್ಟಿದೆ ಎಂದುಕೊಳ್ಳಿ. ಆದೇಶ ತಲುಪಿದ ಅಥವಾ ನಮೂದು ತಿಳಿದುಬಂದ ದಿನದಿಂದ 60 ದಿನದೊಳಗೆ ಅದೇ ಭೂಕಂದಾಯ ಕಾಯ್ದೆಯ 136ನೇ ಕಲಮಿನ ಅಡಿ ಅಸಿಸ್ಟೆಂಟ್ ಕಮಿಷನರ್ ಅವರಿಗೆ ಮೇಲ್ಮನವಿ ಹಾಕಬಹುದು. ಮುಂದೆ ಜಿಲ್ಲಾಧಿಕಾರಿಗಳಿಗೆ ರಿವಿಷನ್ (ಮರುಪರಿಶೀಲನೆ) ಅರ್ಜಿ. ಆದರೆ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ. ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭಾವಿಸಬೇಕು, ಅಷ್ಟೇ. ನಿಜವಾದ ಹಕ್ಕು ಯಾರದೆಂದು ತೀರ್ಮಾನಿಸುವುದು ಸಿವಿಲ್ ಕೋರ್ಟು, ತಹಶೀಲ್ದಾರರಲ್ಲ. ಹಾಗಾಗಿ ಪಾಲಿನ ಮೂಲ ಜಗಳವನ್ನು ಕಂದಾಯ ಕಚೇರಿಗಳಲ್ಲಿ ಹತ್ತು ವರ್ಷ ಎಳೆದಾಡುವುದು ದುಡ್ಡು ಸುರಿಯುವ ಕೆಲಸ.

ಎರಡನೇ ಸೋರಿಕೆ ಹಕ್ಕು ಬಿಡುಗಡೆ ಪತ್ರ. ಇಲ್ಲಿ ಅಕ್ಕನ ಹೆಸರು ವಂಶವೃಕ್ಷದಲ್ಲಿರುತ್ತದೆ, ಆದರೆ ಅವಳೇ ಸಹಿ ಹಾಕಿ ಹೊರಹೋಗುತ್ತಾಳೆ. ಸಹಿ ಬೀಳುವುದು ತಿಥಿಯ ಮರುದಿನವೋ, ಗೌರಿ ಹಬ್ಬಕ್ಕೆ ತವರಿಗೆ ಬಂದಾಗಲೋ. ಸೀರೆ, ಬಳೆ, ಅರಿಶಿನ ಕುಂಕುಮಕ್ಕೆಂದು ಒಂದಷ್ಟು ದುಡ್ಡು. ಸಹಿ ಹಾಕದಿದ್ದರೆ ಬಾಗಿನ ನಿಲ್ಲುತ್ತದೆ, ಹೆರಿಗೆಗೆ ಬಂದ ಮಗಳಿಗೆ ಜಾಗ ಇರುವುದಿಲ್ಲ ಎಂಬ ಅಳುಕು. ಇದನ್ನು ಅವಳ ದಡ್ಡತನ ಎನ್ನುವವರಿದ್ದಾರೆ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಲು ಇರುವ ಒಂದೇ ಬಾಗಿಲಿಗೆ ಅವಳು ಕಟ್ಟುತ್ತಿರುವ ವಿಮೆ ಅದು. ಕಂತು ಮಾತ್ರ ವಿಪರೀತ ದುಬಾರಿ.

ಕಾನೂನಿನ ಮಟ್ಟಿಗೆ ನೋಡಬೇಕಾದದ್ದು, ಪತ್ರ ನೋಂದಣಿಯಾಗಿದೆಯೇ ಎಂದು. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಛಾಪಾ ಕಾಗದದ ಮೇಲೆ ಬರೆದ "ಒಪ್ಪಿಗೆ ಪತ್ರ"ದಿಂದ ಖಾತೆ ಬದಲಾಗಿರಬಹುದು, ಪಾಲು ಹೋಗಿರುವುದಿಲ್ಲ. ನೋಂದಣಿಯಾದ ಪತ್ರಕ್ಕೆ ಮೋಸದಿಂದ ಸಹಿ ಹಾಕಿಸಿಕೊಂಡಿದ್ದರೆ, ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹಾಕಬೇಕು. ಆಮೇಲೆ ಗೋಳಾಡಿ ಪ್ರಯೋಜನವಿಲ್ಲ. ಯಾವ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಿರೋ ನೆನಪಿಲ್ಲದಿದ್ದರೆ ಆ ಸರ್ವೆ ನಂಬರಿನ ಇಸಿ, ಅಂದರೆ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಸಿ. ನೋಂದಣಿಯಾಗಿದ್ದರೆ ಅಲ್ಲಿ ಕಾಣುತ್ತದೆ.

ಮೂರನೆಯದು, ಹಳೆಯ ಪಾಲುಪಟ್ಟಿ. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಭಾಗವನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. ಆದ್ದರಿಂದ ದಾವೆ ಬಿದ್ದ ಕೂಡಲೇ ಹಳೇ ಛಾಪಾ ಕಾಗದದ ಮೇಲೆ 1998ರದೋ 2001ರದೋ ಒಂದು ಪಾರೀಖತ್ತು, ಅಂದರೆ ಪಾಲುಪತ್ರ, ಹುಟ್ಟಿಕೊಳ್ಳುತ್ತದೆ. ಅಟ್ಟದ ಮೇಲಿತ್ತಂತೆ! ಕಾಯ್ದೆ ಇದನ್ನು ಊಹಿಸಿಯೇ ವಿಭಾಗ ಎಂದರೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಎಂದು ವಿವರಿಸಿದೆ. ಬಾಯಿಮಾತಿನ ವಿಭಾಗವನ್ನು ಒಪ್ಪಬೇಕಾದರೆ ಸಾರ್ವಜನಿಕ ದಾಖಲೆಗಳ ಬಲ ಬೇಕು, ಅದೂ ಅಪರೂಪಕ್ಕೆ ಎಂದು 2020ರ ತೀರ್ಪು ಹೇಳಿತು.

ಉಯಿಲಿನ ಕಥೆಯೂ ಹೀಗೇ. ಅಪ್ಪ ತನ್ನ ಸ್ವಯಾರ್ಜಿತವನ್ನೂ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನೂ ಯಾರಿಗೆ ಬೇಕಾದರೂ ಬರೆಯಬಹುದು. ಮಕ್ಕಳ ಪಾಲನ್ನು ಬರೆಯುವಂತಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಕೋರ್ಟಿನಲ್ಲಿ ಅವರಲ್ಲಿ ಒಬ್ಬರನ್ನಾದರೂ ಕರೆತಂದು ಸಾಬೀತುಪಡಿಸಬೇಕು. ಫಲಾನುಭವಿಯೇ ಮುಂದೆ ನಿಂತು ಬರೆಸಿದ್ದರೆ, ಅನುಮಾನ ನಿವಾರಿಸುವ ಹೊಣೆಯೂ ಉಯಿಲು ತಂದವನದೇ. ಈ ತತ್ತ್ವವನ್ನು ಗಟ್ಟಿ ಮಾಡಿದ 1959ರ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು.

ಇನ್ನು ಪಾಲು ದಾವೆ. ಜನ ಹೆದರುವುದು ಖರ್ಚಿಗೆ. ಕೋರ್ಟ್ ಫೀಯ ಮಟ್ಟಿಗೆ ಆ ಹೆದರಿಕೆ ಬೇಡ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಂ ಪ್ರಕಾರ, ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಎಂದು ದಾವೆ ಹೂಡುವವರಿಗೆ ಗರಿಷ್ಠ ಶುಲ್ಕ 200 ರೂಪಾಯಿ. ಅದೇ "ನನ್ನನ್ನು ಸ್ವಾಧೀನದಿಂದ ಹೊರಹಾಕಿದ್ದಾರೆ" ಎಂದು ದಾವಾಪತ್ರದಲ್ಲಿ ಬರೆದರೆ ಪಾಲಿನ ಮೌಲ್ಯದ ಮೇಲೆ ಶುಲ್ಕ. ಕೋರ್ಟು ಮೊದಲು ನೋಡುವುದು ದಾವಾಪತ್ರದ ಮಾತನ್ನೇ, ಹಾಗಾಗಿ ಸಿಟ್ಟಿನಲ್ಲಿ ಬರೆಸಿದ ಒಂದು ವಾಕ್ಯ ಸಾವಿರಾರು ರೂಪಾಯಿ ಆಗಬಹುದು. ವಕೀಲರ ಫೀ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ.

ದಾವೆ ಕೆಡುವುದು ಎರಡು ಕಡೆ. ಎಲ್ಲ ಪಾಲುದಾರರನ್ನೂ ಪಕ್ಷಕಾರರನ್ನಾಗಿ ಮಾಡಬೇಕು, "ಅಣ್ಣನ ಮೇಲೆ ಮಾತ್ರ, ತಂಗಿ ನಮ್ಮ ಕಡೆ" ಎಂದು ಬಿಡುವಂತಿಲ್ಲ. ಕುಟುಂಬದ ಎಲ್ಲ ಆಸ್ತಿಯನ್ನೂ ಷೆಡ್ಯೂಲಿಗೆ ಸೇರಿಸಬೇಕು, ತನ್ನ ಹೆಸರಿನಲ್ಲಿರುವ ಕುಟುಂಬದ ಸೈಟನ್ನು ಬಚ್ಚಿಟ್ಟರೆ ತನ್ನ ದಾವೆಗೇ ಏಟು. ಜೊತೆಗೆ ಕಾಲಮಿತಿ: ಜಂಟಿ ಕುಟುಂಬದ ಆಸ್ತಿಯಿಂದ ಹೊರಗಿಟ್ಟಿದ್ದಾರೆ ಎಂದು ತಿಳಿದ ದಿನದಿಂದ 12 ವರ್ಷ. ದಾವೆ ನಡೆಯುತ್ತಿರುವಾಗ ಅಣ್ಣ ಜಮೀನು ಮಾರಿದರೆ ಕೊಂಡವನು ತೀರ್ಪಿಗೆ ಬದ್ಧ. ಆದರೂ ತಡೆಯಾಜ್ಞೆ ಪಡೆದು ಅದನ್ನು 11ನೇ ಕಾಲಮ್ಮಿನಲ್ಲಿ ನಮೂದಿಸಿ, ಕೊಳ್ಳುವವನ ಕಣ್ಣಿಗೆ ಬೀಳಲಿ.

ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಭಾಗ ಎಂದಷ್ಟೇ ಅದು ಹೇಳುತ್ತದೆ, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದಲ್ಲ. ಗೆದ್ದೆವೆಂದು ಪೇಡ ಹಂಚಿ ಮನೆಯಲ್ಲಿ ಕೂತವರ ಜಮೀನು ಅಲ್ಲೇ ಇರುತ್ತದೆ. ಅಂತಿಮ ಡಿಕ್ರಿಯ ಕಲಾಪ ಬೇರೆಯೇ ಇದೆ. ಪಕ್ಷಕಾರರ ಅರ್ಜಿಗೆ ಕಾಯದೆ ಕೋರ್ಟೇ ಅದನ್ನು ಮುಂದುವರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಬೆನ್ನು ಹತ್ತುವುದು ನಿಮ್ಮ ಕೆಲಸವೇ. ಕಂದಾಯ ಜಮೀನಾದರೆ ಭಾಗ ಮಾಡಲು ಕಂದಾಯ ಇಲಾಖೆಗೆ ಹೋಗುತ್ತದೆ, ಸರ್ವೆಯವರು ಅಳೆದು ನಕ್ಷೆ ಕೊಡುತ್ತಾರೆ. ಬೋರ್‌ವೆಲ್, ದಾರಿ, ತೆಂಗಿನ ಸಾಲು ಯಾರ ಪಾಲಿಗೆ ಎಂಬ ನಿಜವಾದ ಜಗಳ ನಡೆಯುವುದು ಇಲ್ಲಿ. ಆಕ್ಷೇಪಣೆ ಇದ್ದರೆ ನಕ್ಷೆ ಬಂದಾಗಲೇ ಹೇಳಬೇಕು. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸದಿದ್ದರೆ ಅದು ಜಾರಿಗೆ ಬರುವುದಿಲ್ಲ. ಪೋಡಿಯಾಗಿ, ಅಂದರೆ ಸರ್ವೆ ನಂಬರ್ ಅಳೆದು ಬೇರ್ಪಟ್ಟು, ಪಾಲಿಗೆ ಹೊಸ ಹಿಸ್ಸಾ ನಂಬರ್ ಬಿದ್ದ ಮೇಲೆ 9ನೇ ಕಾಲಮ್ಮಿನಲ್ಲಿ ಅವಳ ಹೆಸರು ಒಂಟಿಯಾಗಿ ಬರುತ್ತದೆ.

ಇಷ್ಟು ದೂರ ಬರಲು ಎಷ್ಟು ಜನಕ್ಕೆ ಸಾಧ್ಯ? ಅದಕ್ಕೇ ಹೇಳುವುದು, ರಿಪೇರಿ ಆಗಬೇಕಾದದ್ದು ಮೊದಲ ಹಂತದಲ್ಲಿ. ಮರಣ ನೋಂದಣಿಯಾದ ಕೂಡಲೇ ಪೌತಿ ತಾನಾಗಿ ಶುರುವಾಗಬೇಕು. ವಂಶವೃಕ್ಷದ ಅರ್ಜಿಯಲ್ಲಿ "ಮದುವೆಯಾದ ಹೆಣ್ಣುಮಕ್ಕಳು" ಎಂಬ ಖಾನೆಯನ್ನು ಖಾಲಿ ಬಿಡಲಾಗದಂತೆ ಇಡಬೇಕು. ಇಲ್ಲದಿದ್ದರೆ "ಇಲ್ಲ" ಎಂದು ಬರೆದು ಸಹಿ ಹಾಕಲಿ. ನೋಟಿಸು ಚಾವಡಿಯ ಗೋಡೆಗಲ್ಲ, ಅವಳ ಮೊಬೈಲಿಗೆ ಹೋಗಬೇಕು. ಹಕ್ಕು ಬಿಡುಗಡೆಯನ್ನು ಸಾವಿನ ನಂತರದ ಒಂದಷ್ಟು ತಿಂಗಳು ನೋಂದಾಯಿಸಿಕೊಳ್ಳಲೇಬಾರದು ಎಂಬುದು ನನ್ನ ಅಭಿಪ್ರಾಯ. ದುಃಖದ ಮನೆಯಲ್ಲಿ ಪಡೆದ ಸಹಿ ಸಹಿಯೇ ಅಲ್ಲ. "ಇಷ್ಟು ಜನರ ಹೆಸರು ಬಂದರೆ ಜಮೀನು ತುಂಡಾಗುತ್ತದೆ" ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಬರುತ್ತದೆ. ನಾಲ್ಕು ಗಂಡುಮಕ್ಕಳಿದ್ದಾಗ ಈ ಚಿಂತೆ ಯಾರಿಗೂ ಬಂದದ್ದಿಲ್ಲ. ಜಂಟಿ ಖಾತೆಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಜಮೀನು ತುಂಡಾಗುವುದೂ ಇಲ್ಲ, ಉಳುವವನು ಉಳಬಹುದು. ಯಾರಾದರೂ ತನಗೆ ಬಂದ ಪಾಲು ಮಾರಲು ಹೊರಟರೆ ಮೊದಲು ಕೊಳ್ಳುವ ಹಕ್ಕು ಸಹ ವಾರಸುದಾರರಿಗೇ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಹೊಲ ಮನೆಯಲ್ಲೇ ಉಳಿಯಬೇಕು ಎನ್ನುವವರು ಅದನ್ನು ಬಳಸಲಿ.

ಚೀಟಿಗಳಲ್ಲಿ ಬಂದ ಪ್ರಶ್ನೆಗಳ ಪೈಕಿ ಒಂದಕ್ಕೆ ಉತ್ತರಿಸಿ ಮುಗಿಸುತ್ತೇನೆ: ಅಕ್ಕ ದುಬೈಯಲ್ಲಿದ್ದಾರೆ, ಪಾಲುಪತ್ರಕ್ಕೆ ಬರಲಾಗುವುದಿಲ್ಲ, ಏನು ಮಾಡುವುದು? ವಿದೇಶದಲ್ಲಿರುವವರು ಕೃಷಿ ಜಮೀನು ಕೊಳ್ಳುವಂತಿಲ್ಲವಾದರೂ ವಾರಸಾಗಿ ಪಡೆಯಬಹುದು. ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿ ಅಥವಾ ನೋಟರಿಯ ಮುಂದೆ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿ ದೃಢೀಕರಿಸಿ ಕಳುಹಿಸಲಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಛಾಪಾ ಶುಲ್ಕ ಕಟ್ಟಬೇಕು, ಹಾಗಾಗಿ ಲಕೋಟೆ ಬಂದ ತಾರೀಖು ಗುರುತು ಹಾಕಿಕೊಳ್ಳಿ. ಪತ್ರದ ಕರಡು ಸಾಮಾನ್ಯವಾಗಿ ಊರಿನಿಂದಲೇ, ತಮ್ಮನ ವಾಟ್ಸಾಪಿನಿಂದ ಹೋಗುತ್ತದೆ. "ಪಾಲು ಮಾಡಿಕೊಳ್ಳಲು" ಎಂಬುದರ ಪಕ್ಕದಲ್ಲೇ "ಮಾರಲು, ಹಕ್ಕು ಬಿಡುಗಡೆ ಮಾಡಲು" ಎಂಬ ಪದಗಳೂ ಸೇರಿಕೊಂಡಿವೆಯೇ ಎಂದು ಅವರು ಅಲ್ಲಿ ಸಹಿ ಹಾಕುವ ಮುಂಚೆ ಓದಿಕೊಳ್ಳಲಿ, ಬೇಡದ್ದನ್ನು ಹೊಡೆದುಹಾಕಿಸಲಿ.